ನಕ್ಷತ್ರ ಸಾಮ್ರಾಜ್ಯದ ಬಡ್ಡಿ ಲೆಕ್ಕ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಸುಗ್ಗಿಯ ಗಡಿಬಿಡಿ ಮುಗಿದ ಮೇಲೆ ಸಿಗುವ ಬಿಡುವಿನಲ್ಲಿ ಸ್ಪೇಸ್ ಒಪೆರಾ ಎಂದು ಕರೆಯುವ, ನಕ್ಷತ್ರಗಳ ನಡುವಿನ ಸಾಮ್ರಾಜ್ಯ, ಯುದ್ಧ, ಪ್ರಯಾಣಗಳ ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತ ಬಂದಿದ್ದೇನೆ. ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಹಳೆಯವೆಲ್ಲ ಮಕ್ಕಳಾಟ. ಅಸಿಮೊವ್ ಅವರ ‘ಫೌಂಡೇಶನ್’ನಲ್ಲಿ ಕೋಣೆಯೊಳಗೆ ಕುಳಿತು ಮಾತನಾಡುವುದು ಬಿಟ್ಟರೆ ಏನೂ ನಡೆಯುವುದಿಲ್ಲ. ‘ಡ್ಯೂನ್’ ಇಷ್ಟವಾಯಿತು, ಆದರೆ ಅದನ್ನು ಈ ಸಾಲಿಗೆ ಸೇರಿಸಲು ಮನಸ್ಸು ಒಪ್ಪುತ್ತಿಲ್ಲ. ಬೆಳಕಿಗಿಂತ ವೇಗವಾಗಿ ಹೋಗುವ ನೌಕೆ ಬಂದ ಕೂಡಲೇ ಪುಸ್ತಕ ಮುಚ್ಚಿಡಬೇಕು ಅನಿಸುತ್ತದೆ. ವಿಜ್ಞಾನವೇ ಒಪ್ಪದ ಮೇಲೆ ಅದು ಅಜ್ಜಿಕಥೆಯೇ ಅಲ್ಲವೇ? ‘ದಿ ಎಕ್ಸ್‌ಪ್ಯಾನ್ಸ್’ ಸರಣಿಯ ಮೂರು ಸಂಪುಟ ಮುಗಿಸಿದ್ದೇನೆ. ಒಟ್ಟು ಒಂಬತ್ತು ಇವೆಯಂತೆ. ಮುಂದುವರಿಸಲೇ, ಬಿಡಲೇ? ಇನ್ನೊಂದು ಮಾತು: ಇಂಥದ್ದು ಕನ್ನಡದಲ್ಲಿ, ಅದರಲ್ಲೂ ನಮ್ಮ ಭಾಗದಿಂದ, ಏಕೆ ಬರುವುದಿಲ್ಲ?

ಉತ್ತರ: ನಿಮ್ಮ ಅಭಿಪ್ರಾಯಗಳಲ್ಲಿ ಕೆಲವನ್ನು ಒಪ್ಪುತ್ತೇನೆ, ಕೆಲವನ್ನು ಅರ್ಧ ಒಪ್ಪುತ್ತೇನೆ. ಬೆಳಕಿನ ವೇಗದ ವಿಷಯದಲ್ಲಿ ಮಾತ್ರ ಜಗಳಕ್ಕೆ ನಿಲ್ಲುತ್ತೇನೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬಳ್ಳಾರಿಯಲ್ಲಿ ಬಹುಕಾಲ ಭೌತಶಾಸ್ತ್ರ ಕಲಿಸಿದವಳಾಗಿ ಹೇಳುವುದಾದರೆ, ನಿಮ್ಮ ಆಕ್ಷೇಪದಲ್ಲಿ ವಿಜ್ಞಾನದ ತಪ್ಪೇನೂ ಇಲ್ಲ. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಸರಿಯುತ್ತಿದೆ. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ಬೆಳಕಿಗೂ ಅಲ್ಲಿ ಮುಟ್ಟಲು 4.24 ವರ್ಷ ಬೇಕು. ಆ ನೌಕೆ ನೇರ ಅದರ ಕಡೆಗೇ ಮುಖ ಮಾಡಿದ್ದರೂ ಮುಟ್ಟಲು 75 ಸಾವಿರ ವರ್ಷ ಹಿಡಿಯುತ್ತಿತ್ತು. ಆಕಾಶಗಂಗೆಯ ಅಡ್ಡಳತೆಯೋ ಒಂದು ಲಕ್ಷ ಜ್ಯೋತಿರ್ವರ್ಷದ ಆಸುಪಾಸು. ಒಂದು ಅಂಚಿನ ರಾಜಧಾನಿಯಿಂದ ಹೊರಟ ಕಂದಾಯದ ಆದೇಶ ರೇಡಿಯೊ ಅಲೆಯ ಮೇಲೇರಿ ಇನ್ನೊಂದು ಅಂಚಿಗೆ ತಲುಪುವಷ್ಟರಲ್ಲಿ ಆದೇಶ ಕೊಟ್ಟವನ ವಂಶವಿರಲಿ, ಅವನ ಲಿಪಿಯನ್ನು ಓದಬಲ್ಲವರೂ ಉಳಿದಿರುವುದಿಲ್ಲ.

ಅಂದಮೇಲೆ ಗ್ಯಾಲಕ್ಸಿಯಷ್ಟು ದೊಡ್ಡ ಸಾಮ್ರಾಜ್ಯದ ಕಥೆ ಬರೆಯಲು ಕೂತವರು ಎಲ್ಲಾದರೂ ಒಂದು ಕಡೆ ಸುಳ್ಳು ಹೇಳಲೇಬೇಕು. ನನ್ನ ತಕರಾರು ಆ ಸುಳ್ಳಿನ ಮೇಲಲ್ಲ, ಅದನ್ನು ಪುಕ್ಕಟೆಯಾಗಿ ಹೇಳುವವರ ಮೇಲೆ. ನೌಕೆ ಕಣ್ಣು ಮಿಟುಕಿಸುವುದರಲ್ಲಿ ನೂರು ಜ್ಯೋತಿರ್ವರ್ಷ ದಾಟಲಿ, ಬೇಡವೆನ್ನುವುದಿಲ್ಲ. ಆ ದಾಟುವಿಕೆಗೆ ಕಥೆಯೊಳಗೆ ಯಾರು, ಯಾವ ರೂಪದಲ್ಲಿ ಬೆಲೆ ತೆರುತ್ತಾರೆ ಎನ್ನುವುದಕ್ಕೆ ಉತ್ತರವಿರಬೇಕು. ಸ್ಪೇಸ್ ಒಪೆರಾ ಎಂದರೆ ನನ್ನ ಪಾಲಿಗೆ ದೂರದ ಕಥೆ. ದೂರಕ್ಕೆ ಬೆಲೆ ಕಟ್ಟಿದ ಕಾದಂಬರಿ ನಿಲ್ಲುತ್ತದೆ. ಕಟ್ಟದ್ದು ಎಷ್ಟೇ ನೌಕೆಗಳನ್ನು ಸಿಡಿಸಿದರೂ ಸಪ್ಪೆ.

ನೀವು ಲೆಕ್ಕ ಬರೆಯುವವರು. ಹಾಗಾಗಿ ಬೆಲೆಯ ಮಾತನ್ನು ಬಡ್ಡಿಯ ಮೂಲಕವೇ ಹೇಳುತ್ತೇನೆ. 2008ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಪಾಲ್ ಕ್ರುಗ್ಮನ್ ಇನ್ನೂ ಎಳೆಯ ಅಧ್ಯಾಪಕರಾಗಿದ್ದಾಗ, 1978ರಲ್ಲಿ, ನಕ್ಷತ್ರಗಳ ನಡುವಿನ ವ್ಯಾಪಾರದ ಸಿದ್ಧಾಂತದ ಬಗ್ಗೆ ಒಂದು ಪ್ರಬಂಧ ಬರೆದರು. ಬರೆದದ್ದು ತಮಾಷೆಗೆ, ಆದರೆ ಲೆಕ್ಕದಲ್ಲಿ ತಮಾಷೆ ಇಲ್ಲ. ಅವರು ಎತ್ತಿಕೊಂಡ ಪ್ರಶ್ನೆ ಇದು: ಬೆಳಕಿನ ವೇಗಕ್ಕೆ ತೀರ ಸಮೀಪ ಓಡುವ ನೌಕೆಯಲ್ಲಿ ಕಾಲ ನಿಧಾನವಾಗುತ್ತದೆ. ಹಾಗಿದ್ದಾಗ ದಾರಿಯಲ್ಲಿರುವ ಸರಕಿನ ಮೇಲಿನ ಬಡ್ಡಿಯನ್ನು ನೌಕೆಯ ಗಡಿಯಾರ ನೋಡಿ ಹಾಕಬೇಕೋ, ಊರಿನ ಗಡಿಯಾರ ನೋಡಿ ಹಾಕಬೇಕೋ?

ಒಂದು ಉದಾಹರಣೆ ಕಟ್ಟೋಣ. ಹತ್ತು ಜ್ಯೋತಿರ್ವರ್ಷ ದೂರದ ಗ್ರಹಕ್ಕೆ ಬೆಳಕಿನ ವೇಗದ ಶೇಕಡ 99.5ರಲ್ಲಿ ನೌಕೆ ಹೊರಡುತ್ತದೆ. ಊರಿನವರ ಲೆಕ್ಕದಲ್ಲಿ ಪ್ರಯಾಣಕ್ಕೆ ಹತ್ತು ವರ್ಷದ ಮೇಲೆ ಕೆಲವು ದಿನ. ನೌಕೆಯಲ್ಲಿ ಕುಳಿತವನಿಗೆ ಸುಮಾರು ಒಂದೇ ವರ್ಷ. ಅವನು ಒಂದು ಲಕ್ಷ ರೂಪಾಯಿ ಸಾಲ ಎತ್ತಿ ಸೋನಾ ಮಸೂರಿ ತುಂಬಿಕೊಂಡಿದ್ದಾನೆ, ಬಡ್ಡಿ ಶೇಕಡ ಹತ್ತು, ಚಕ್ರಬಡ್ಡಿ. ಇಳಿಯುವಾಗ ಅವನು ತನ್ನ ಕೈಗಡಿಯಾರ ತೋರಿಸಿ ‘ಒಂದು ಲಕ್ಷ ಹತ್ತು ಸಾವಿರ ಆಯಿತು, ತೆಗೆದುಕೊಳ್ಳಿ’ ಎನ್ನುತ್ತಾನೆ. ಸಾಹುಕಾರನ ಖಾತೆ ಪುಸ್ತಕದಲ್ಲಿ ಮಾತ್ರ 2 ಲಕ್ಷ 60 ಸಾವಿರ ನಿಂತಿದೆ. ಯಾರು ಸರಿ? ಸಾಹುಕಾರ, ಎಂದರು ಕ್ರುಗ್ಮನ್. ಕಾರಣ ಸರಳ. ಅದೇ ಹಣವನ್ನು ನೌಕೆಗೆ ಹಾಕದೆ ಊರಿನಲ್ಲೇ ಬಡ್ಡಿಗೆ ಬಿಟ್ಟಿದ್ದರೆ ಅಷ್ಟು ಆಗುತ್ತಿತ್ತು. ವ್ಯಾಪಾರಿ ಅದಕ್ಕಿಂತ ಹೆಚ್ಚು ದುಡಿಯದಿದ್ದರೆ ನಷ್ಟ. ಅಲ್ಲಿಂದ ಸರಕು ತುಂಬಿಕೊಂಡು ಮರಳಿ ಬರುವುದಾದರೆ ಅಸಲು ಬಡ್ಡಿ ಸೇರಿ 6 ಲಕ್ಷ 70 ಸಾವಿರ ದಾಟುತ್ತದೆ. ಎರಡು ವರ್ಷ ಮಾತ್ರ ವಯಸ್ಸಾದ ಆ ಮನುಷ್ಯ ಇಪ್ಪತ್ತು ವರ್ಷದ ಸಾಲವನ್ನು ತೀರಿಸಬೇಕು, ಮತ್ತು ಮನೆಯಲ್ಲಿ ಬಿಟ್ಟುಹೋದ ಮಗು ಆಗ ಅವನಿಗೆ ವ್ಯವಹಾರ ಕಲಿಸುವಷ್ಟು ದೊಡ್ಡದಾಗಿರುತ್ತದೆ.

ಈ ಒಂದು ಲೆಕ್ಕದಿಂದ ಹುಟ್ಟಿದಂತೆ ಕಾಣುವ ಕಾದಂಬರಿಯೊಂದಿದೆ: ವರ್ನರ್ ವಿಂಜ್ ಅವರ ‘ಎ ಡೀಪ್‌ನೆಸ್ ಇನ್ ದ ಸ್ಕೈ’, 1999ರದ್ದು. ನೀವು ಇದನ್ನು ಹೆಸರಿಸಿಲ್ಲ, ಆದ್ದರಿಂದ ಓದಿಲ್ಲವೆಂದೇ ಭಾವಿಸುತ್ತೇನೆ. ಇದರಲ್ಲಿನ ವ್ಯಾಪಾರಿಗಳು ಬೆಳಕಿನ ವೇಗವನ್ನು ಮೀರುವುದಿಲ್ಲ. ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಹೋಗುವಾಗ ಶೀತನಿದ್ರೆಯಲ್ಲಿ ವರ್ಷಗಟ್ಟಲೆ ಮಲಗುತ್ತಾರೆ. ಅವರು ತಲುಪುವ ಹೊತ್ತಿಗೆ ಗಿರಾಕಿಗಳ ನಾಗರಿಕತೆಯೇ ಕುಸಿದು ಎತ್ತಿನ ಬಂಡಿಯ ಕಾಲಕ್ಕೆ ಮರಳಿರುವುದುಂಟು. ಹಾಗೆ ಆಗದಿರಲೆಂದು ಈ ಜನ ತಮ್ಮ ತಾಂತ್ರಿಕ ಜ್ಞಾನದ ಒಂದು ಪಾಲನ್ನು ರೇಡಿಯೊ ಮೂಲಕ ಎಲ್ಲ ಗ್ರಹಗಳಿಗೂ ಉಚಿತವಾಗಿ ಬಿತ್ತರಿಸುತ್ತಲೇ ಇರುತ್ತಾರೆ. ಇದು ದಾನವಲ್ಲ, ಕೊಳ್ಳುವ ಶಕ್ತಿಯಿರುವ ಗಿರಾಕಿಯನ್ನು ಉಳಿಸಿಕೊಳ್ಳುವ ಖರ್ಚು. ಅವರ ಕಾಲಗಣನೆಯಲ್ಲಿ ದಿನ, ತಿಂಗಳು, ವರ್ಷಗಳಿಲ್ಲ. ಎಲ್ಲವೂ ಸೆಕೆಂಡುಗಳಲ್ಲಿ. ಸಾವಿರ ಸೆಕೆಂಡು ಎಂದರೆ ಹದಿನೇಳು ನಿಮಿಷಕ್ಕೆ ತುಸು ಕಡಿಮೆ, ಹತ್ತು ಲಕ್ಷ ಸೆಕೆಂಡು ಎಂದರೆ ಹನ್ನೊಂದೂವರೆ ದಿನ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಕ್ಷಣವೇ ಆ ಗಡಿಯಾರದ ಸೊನ್ನೆ ಎಂದು ಅವರೆಲ್ಲ ನಂಬಿದ್ದಾರೆ. ವಾಸ್ತವದಲ್ಲಿ ಅದು ಕೆಲವು ತಿಂಗಳು ಈಚಿನದು: ನಮ್ಮ ಕಾಲದ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸಮಯ ಎಣಿಸಲು ತೊಡಗಿದ್ದವಲ್ಲ, ಅದರ ಪಳೆಯುಳಿಕೆ. ನಿಮ್ಮ ಕೈಯಲ್ಲಿರುವ ಮೊಬೈಲ್‌ನ ಒಳಗೂ ಬಹುಪಾಲು ಅದೇ ಎಣಿಕೆ ನಡೆದಿರುತ್ತದೆ. ಪುಸ್ತಕ ದಪ್ಪ, ಮೊದಲ ನೂರು ಪುಟ ಕಷ್ಟ. ಆದರೂ ನಿಮ್ಮ ವೃತ್ತಿಯವರಿಗೆ ಇದಕ್ಕಿಂತ ಒಳ್ಳೆಯ ಸ್ಪೇಸ್ ಒಪೆರಾ ನನಗೆ ತೋಚುವುದಿಲ್ಲ.

ಹಳೆಯವು ಮಕ್ಕಳಾಟ ಎಂದಿರಿ. ಬಹುಮಟ್ಟಿಗೆ ಹೌದು. 1928ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ದ ಸ್ಕೈಲಾರ್ಕ್ ಆಫ್ ಸ್ಪೇಸ್’ನಿಂದ ಈ ಪ್ರಕಾರಕ್ಕೆ ರೂಪ ಬಂತು ಎನ್ನುತ್ತಾರೆ. ಅದರ ಮುಖ್ಯ ಲೇಖಕ ಇ. ಇ. ಸ್ಮಿತ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಹಿಟ್ಟಿನ ರಸಾಯನಶಾಸ್ತ್ರ, ಡೋನಟ್‌ಗೆ ಹಿಟ್ಟು ಹದಗೊಳಿಸುವ ಕೆಲಸ. ಗಿರಣಿಯವರಾದ ನಿಮಗೆ ದೂರದ ಬಂಧು ಎನ್ನಬಹುದು. ಅವರ ಕಥೆಗಳಲ್ಲಿ ದೂರಕ್ಕೆ ಬೆಲೆಯೇ ಇಲ್ಲ. ಅದರ ಬದಲು ಸಂಪುಟದಿಂದ ಸಂಪುಟಕ್ಕೆ ಆಯುಧ ದೊಡ್ಡದಾಗುತ್ತ ಹೋಗಿ ಕೊನೆಗೆ ಗ್ರಹಗಳನ್ನೇ ಎತ್ತಿ ಎಸೆಯುವ ತನಕ ಮುಟ್ಟುತ್ತದೆ. 1941ರಲ್ಲಿ ವಿಲ್ಸನ್ ಟಕರ್ ಇಂಥ ಬರಹಗಳಿಗೆ ಸ್ಪೇಸ್ ಒಪೆರಾ ಎಂದು ಹೆಸರಿಟ್ಟದ್ದು ಬೈಗುಳವಾಗಿಯೇ. ಒಂದನ್ನು ಓದಿ, ನಕ್ಕು, ಮುಂದೆ ಹೋಗಿ.

‘ಫೌಂಡೇಶನ್’ ವಿಷಯಕ್ಕೆ ಬರೋಣ. ಪಾತ್ರಗಳು ಮರದ ಗೊಂಬೆಗಳು ಎಂದಿದ್ದರೆ ಒಪ್ಪುತ್ತಿದ್ದೆ. ಮೊದಲ ಪುಸ್ತಕದಲ್ಲಿ ಹೆಣ್ಣೆಂಬ ಜೀವ ಗ್ಯಾಲಕ್ಸಿಯಲ್ಲಿ ಇದೆಯೋ ಇಲ್ಲವೋ ಎಂಬ ಅನುಮಾನ ಬರುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಬರೀ ಮಾತು ಎನ್ನುವ ದೂರನ್ನು ಒಪ್ಪಲಾರೆ. ಮಾತೇ ಅಲ್ಲಿನ ವಸ್ತು. 1942ರಲ್ಲಿ ಈ ಸರಣಿಯ ಮೊದಲ ಕಥೆ ಅಚ್ಚಾದಾಗ ಅಸಿಮೊವ್‌ಗೆ 22 ವರ್ಷ. ರೋಮ್ ಸಾಮ್ರಾಜ್ಯದ ಪತನದ ಬಗ್ಗೆ ಗಿಬ್ಬನ್ ಬರೆದ ಇತಿಹಾಸ ಅವರ ತಲೆಯಲ್ಲಿತ್ತು. ಸಾಮ್ರಾಜ್ಯ ಕುಸಿಯುವುದನ್ನು ಅವರು ಸಿಂಹಾಸನದ ಬಳಿ ನಿಂತು ತೋರಿಸಲಿಲ್ಲ, ಗ್ಯಾಲಕ್ಸಿಯ ತುದಿಯ ಒಂದು ಬಡ ಗ್ರಹದಿಂದ ತೋರಿಸಿದರು. ಕಾಲುವೆಯಲ್ಲಿ ನೀರು ಇಳಿದದ್ದು ಮೊದಲು ತಿಳಿಯುವುದು ಕೊನೆಯ ಭಾಗದ ಮಾನ್ವಿ, ಸಿರವಾರದ ರೈತರಿಗೆ. ಕಾಲುವೆ ಹೊರಡುವ ಮುನಿರಾಬಾದಿನಲ್ಲಿ ನಿಂತವರ ಕಣ್ಣಿಗೆ ಕಾಲುವೆ ತುಂಬಿಯೇ ಇರುತ್ತದೆ.

ನೀವು ಬೇಸರದಿಂದ ಹಾಳೆ ತಿರುವಿರಬಹುದಾದ ಪ್ರಸಂಗವೊಂದನ್ನು ನೆನಪಿಸುತ್ತೇನೆ. ಪಕ್ಕದ ರಾಜ್ಯದ ಬೆದರಿಕೆಗೆ ಹೆದರಿದ ಆ ತುದಿಯ ಗ್ರಹದವರು ಚಕ್ರವರ್ತಿಯ ರಕ್ಷಣೆ ಕೋರುತ್ತಾರೆ. ರಾಜಧಾನಿಯಿಂದ ದೊಡ್ಡ ಅಧಿಕಾರಿ ಬರುತ್ತಾನೆ, ಐದು ದಿನ ಇರುತ್ತಾನೆ, ಭರವಸೆಗಳನ್ನು ಸುರಿಸುತ್ತಾನೆ, ಹೊರಟುಹೋಗುತ್ತಾನೆ. ಊರಿನ ಮೇಯರ್ ಅವನ ಮಾತುಗಳನ್ನೆಲ್ಲ ಬರೆಸಿ ತರ್ಕಶಾಸ್ತ್ರಜ್ಞನೊಬ್ಬನಿಗೆ ಕೊಡುತ್ತಾನೆ. ಆ ತಜ್ಞ ಅರ್ಥವಿಲ್ಲದ ಮಾತು, ಅಡ್ಡಮಾತು, ಒಂದನ್ನೊಂದು ಹೊಡೆದುಹಾಕುವ ಮಾತುಗಳನ್ನೆಲ್ಲ ತೆಗೆಯುತ್ತ ಹೋದರೆ ಕೊನೆಗೆ ಉಳಿಯುವುದು ಸೊನ್ನೆ. ಐದು ದಿನದಲ್ಲಿ ಆ ಮಹಾನುಭಾವ ಏನನ್ನೂ ಹೇಳಿಯೇ ಇರಲಿಲ್ಲ. ಪಕ್ಕದ ರಾಜ್ಯಕ್ಕೂ ಚಕ್ರವರ್ತಿಗೂ ಇರುವ ಒಪ್ಪಂದವನ್ನೂ ಅದೇ ರೀತಿ ಸೋಸುತ್ತಾರೆ: ಆ ರಾಜ್ಯ ಚಕ್ರವರ್ತಿಗೆ ಸಲ್ಲಿಸಬೇಕಾದದ್ದು ಏನೂ ಇಲ್ಲ, ಚಕ್ರವರ್ತಿಗೆ ಅದರ ಮೇಲಿರುವ ಅಧಿಕಾರ ಏನೂ ಇಲ್ಲ. ಜಮೆ ಖರ್ಚು ತಾಳೆ ನೋಡಿ ಬಾಕಿ ಸೊನ್ನೆ ಎಂದು ಷರಾ ಬರೆಯುವವರಿಗೆ ಈ ದೃಶ್ಯ ಯುದ್ಧಕ್ಕಿಂತ ರೋಮಾಂಚಕವಾಗಬೇಕಿತ್ತು! ಅಸಿಮೊವ್ ಅವರ ನೌಕೆಗಳು ವೇಗದ ಮಿತಿಯನ್ನು ದಾಟುತ್ತವೆ, ನಿಜ. ಆಡಳಿತಕ್ಕೆ ಮಾತ್ರ ಅಷ್ಟು ದೂರ ನಡೆಯುವ ಕಾಲಿಲ್ಲ. ಅದು ಅವರು ಕಟ್ಟಿದ ಬೆಲೆ.

ಇದು ಬರೀ ಕಲ್ಪನೆಯಲ್ಲ ಎಂದು ತಿಳಿಯಲು ನೀವು ಹೆಚ್ಚು ದೂರ ಹೋಗಬೇಕಿಲ್ಲ. ಪಾಟಲೀಪುತ್ರದ ದೊರೆ ಅಶೋಕನ ಮಾತು ನಮ್ಮ ಮೂರು ಜಿಲ್ಲೆಗಳ ಬಂಡೆಗಳ ಮೇಲೆ ಇಂದಿಗೂ ನಿಂತಿದೆ: ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ರಾಯಚೂರಿನ ಮಸ್ಕಿ. 1915ರಲ್ಲಿ ಮಸ್ಕಿಯ ಶಾಸನ ಸಿಕ್ಕುವವರೆಗೆ ಅಶೋಕ ಎಂಬ ಹೆಸರನ್ನೇ ಹೇಳುವ ಅವನದೇ ಶಾಸನ ಯಾರ ಕೈಗೂ ಬಂದಿರಲಿಲ್ಲ. ಈ ಕಿರುಶಾಸನಗಳ ಸಾಲಿನಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹಲವು ವಿದ್ವಾಂಸರು ಓದುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪಾಠವಂತೂ ಇನ್ನೂ ಸ್ವಾರಸ್ಯಕರ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅವನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಮೊದಲು ಕ್ಷೇಮ ವಿಚಾರಿಸಿ, ಆಮೇಲೆ ದೊರೆಯ ಆಜ್ಞೆಯನ್ನು ದಾಟಿಸುತ್ತಾರೆ. ಆ ಸುವರ್ಣಗಿರಿ ನಿಮ್ಮ ಪಕ್ಕದ ಕನಕಗಿರಿಯೇ ಇರಬೇಕೆಂದು ಊಹಿಸಿದವರಿದ್ದಾರೆ. ದೊರೆಯಿಂದ ರಾಜಕುಮಾರನಿಗೆ, ಅಲ್ಲಿಂದ ಅಧಿಕಾರಿಗೆ, ಅಲ್ಲಿಂದ ಕಲ್ಲು ಕೆತ್ತುವವನಿಗೆ. ಪ್ರತಿ ಹಂತದಲ್ಲೂ ನಡೆಯುವ ಕಾಲು ಬೇಕು, ಓದಿ ಹೇಳುವ ಬಾಯಿ ಬೇಕು. ಆ ಒಂದು ಕ್ಷೇಮ ಸಮಾಚಾರದ ಸಾಲಿನಲ್ಲಿರುವಷ್ಟು ದೂರದ ಅರಿವು ಎಷ್ಟೋ ನಕ್ಷತ್ರ ಸಾಮ್ರಾಜ್ಯಗಳ ಸಂಪುಟಗಳಲ್ಲಿ ಇಲ್ಲ.

‘ಡ್ಯೂನ್’ ಅನ್ನು ಈ ಸಾಲಿನಿಂದ ಹೊರಗಿಡಬೇಡಿ. ಮರಳು, ನೀರಿನ ಬರ, ಜನಾಂಗದ ನಂಬಿಕೆ ಇವೆಲ್ಲ ನಿಮ್ಮನ್ನು ಹಿಡಿದಿಟ್ಟಿವೆ. ಬಿಸಿಲುನಾಡಿನವರನ್ನು ಹಿಡಿಯದೆ ಇರಲು ಹೇಗೆ ಸಾಧ್ಯ? 1965ರಲ್ಲಿ ಇದು ಪುಸ್ತಕವಾಗುವ ಮೊದಲು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ತಿರಸ್ಕರಿಸಿದ್ದರು. ಕೊನೆಗೆ ಅಚ್ಚು ಹಾಕಿದ್ದು ಕಾರು ದುರಸ್ತಿಯ ಕೈಪಿಡಿಗಳಿಗೆ ಹೆಸರಾಗಿದ್ದ ಸಂಸ್ಥೆ. ಇನ್ನೊಮ್ಮೆ ಓದುವುದಾದರೆ ಮರಳನ್ನು ಬಿಟ್ಟು ಸಾಗಾಟದ ಗುತ್ತಿಗೆಯನ್ನು ಗಮನಿಸಿ. ನಕ್ಷತ್ರಗಳ ನಡುವೆ ಓಡಾಡುವ ಹಕ್ಕು ಒಂದೇ ಸಂಘದ ಕೈಯಲ್ಲಿದೆ. ಆ ಸಂಘದ ಚಾಲಕರಿಗೆ ದಾರಿ ಕಾಣಬೇಕಾದರೆ ಒಂದು ಮಸಾಲೆ ಬೇಕು. ಆ ಮಸಾಲೆ ಸಿಗುವುದು ಒಂದೇ ಗ್ರಹದಲ್ಲಿ. ಖಳನಾದ ಬ್ಯಾರನ್ ಶತ್ರುವಿನ ಮೇಲೆ ಸೈನ್ಯ ಸಾಗಿಸಿದ್ದಕ್ಕೆ ತೆತ್ತ ಬಾಡಿಗೆಯನ್ನು ನೆನೆದು ಗೋಳಾಡುತ್ತಾನೆ. ಹಲವು ದಶಕ ಆ ಗ್ರಹವನ್ನು ಹಿಂಡಿದರೂ ಅಸಲು ಹುಟ್ಟುವುದು ಕಷ್ಟವಂತೆ. ಯುದ್ಧದ ಖರ್ಚಿನಲ್ಲಿ ಬಾಡಿಗೆಯ ಬಾಬ್ತನ್ನು ಹೀಗೆ ತೋರಿಸಿದ ಪುಸ್ತಕ ಸ್ಪೇಸ್ ಒಪೆರಾ ಅಲ್ಲದಿದ್ದರೆ ಬೇರೆ ಯಾವುದು?

ಬೇರೆ ಬಗೆಯಲ್ಲಿ ಬೆಲೆ ಕಟ್ಟಿದವರೂ ಇದ್ದಾರೆ. ಉರ್ಸುಲಾ ಲೆ ಗುಯಿನ್ 1966ರಲ್ಲಿ ಆನ್ಸಿಬಲ್ ಎಂಬ ಯಂತ್ರವನ್ನು ಕಲ್ಪಿಸಿದರು. ಅದರಲ್ಲಿ ಮಾತು ಎಷ್ಟೇ ದೂರಕ್ಕೂ ತಕ್ಷಣ ಮುಟ್ಟುತ್ತದೆ, ಮನುಷ್ಯ ಮಾತ್ರ ಹಿಂದಿನಂತೆ ವರ್ಷಗಟ್ಟಲೆ ಪ್ರಯಾಣ ಮಾಡಬೇಕು. ಸುದ್ದಿ ಈಗಲೇ, ಸಹಾಯ ಮುಂದಿನ ತಲೆಮಾರಿಗೆ. ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ (2013) ಇನ್ನೊಂದು ದಾರಿ ಹಿಡಿಯಿತು: ಅಷ್ಟು ದೊಡ್ಡ ರಾಜ್ಯವನ್ನು ಒಂದೇ ದೇಹದಿಂದ ಆಳಲಾಗದು ಎಂದು ಅಲ್ಲಿನ ಚಕ್ರವರ್ತಿ ಸಾವಿರಾರು ದೇಹಗಳಲ್ಲಿ ಹಂಚಿಹೋಗಿದ್ದಾರೆ. ಅದರಿಂದ ಏನಾಗುತ್ತದೆ ಎಂದು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ಇಯಾನ್ ಬ್ಯಾಂಕ್ಸ್ ಅವರ ‘ಕಲ್ಚರ್’ ಸರಣಿಯ ಕಾದಂಬರಿಗಳು ಚಿತ್ರಿಸುವ ಸಮಾಜದಲ್ಲಿ ಹಣವೇ ಇಲ್ಲ. ನಿಮಗೆ ರುಚಿಸುವುದು ಅನುಮಾನ.

ಕನ್ನಡದ ಮಾತು. ರಾಜಶೇಖರ ಭೂಸನೂರಮಠರಂಥವರು ದಶಕಗಳ ಹಿಂದೆಯೇ ಕನ್ನಡದಲ್ಲಿ ವಿಜ್ಞಾನ ಕಥೆಗೆ ನೆಲೆ ಒದಗಿಸಿದರು. ಆದ್ದರಿಂದ ಏನೂ ಇಲ್ಲ ಎನ್ನುವುದು ಸರಿಯಲ್ಲ. ಇಲ್ಲದ್ದು ಆರೆಂಟು ಸಂಪುಟಕ್ಕೆ ಹಬ್ಬುವ ಬಗೆಯದು. ಅದಕ್ಕೆ ಪ್ರಕಾಶಕರ ಎದೆಗಾರಿಕೆಯೂ ಬೇಕು, ಓದುಗರ ತಾಳ್ಮೆಯೂ ಬೇಕು. ವಸ್ತುವಿಗೆ ಕೊರತೆಯಿಲ್ಲ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಅವರ ನಂತರದ ಆದಿಲಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ಅದರಲ್ಲಿ ಒಂದು ಅಧ್ಯಾಯ ಮಾತ್ರ. ನಮ್ಮವರು ಬರೆದರೆ ಅರಮನೆಯಿಂದ ಬರೆಯಬಾರದು ಎನ್ನುವುದು ನನ್ನ ಆಸೆ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕೋಟೆ ಕಟ್ಟಿದ್ದನ್ನು ಹೇಳುವ 1294ರ ತೆಲುಗು ಶಾಸನ ಅದರ ಮೇಲಿದೆ. ಅದನ್ನು ಎಲ್ಲರೂ ನೋಡುತ್ತಾರೆ. ಆ ಕಲ್ಲನ್ನು ಉದ್ದನೆಯ ಬಂಡಿಗೆ ಹೇರಿ, ಸಾಲು ಸಾಲು ಕೋಣಗಳನ್ನು ಹೂಡಿ ಎಳೆದು ತಂದ ಬಗೆಯ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ, ಗಾಲಿಗೆ ಸನ್ನೆಕೋಲು ಕೊಡುವ ಆಳುಗಳ ಸಮೇತ. ಕೋಟೆ ಕಟ್ಟಿಸಿದ ದಂಡನಾಯಕನ ಹೆಸರಿನ ಪಕ್ಕದಲ್ಲೇ ಸಾಗಾಟದ ಲೆಕ್ಕ! ಆ ಕೋಣಗಳನ್ನು ಹೊಡೆದವನ ಕಡೆಯಿಂದ ಯಾರಾದರೂ ಒಂದು ನಕ್ಷತ್ರ ಸಾಮ್ರಾಜ್ಯದ ಕಥೆ ಬರೆದರೆ ಒಂಬತ್ತು ಸಂಪುಟವಾದರೂ ಕೊಂಡು ಓದುತ್ತೇನೆ.

‘ದಿ ಎಕ್ಸ್‌ಪ್ಯಾನ್ಸ್’ ನನಗೆ ಹಿಡಿಸುವುದೂ ಅದೇ ಕಾರಣಕ್ಕೆ. ಜೇಮ್ಸ್ ಎಸ್. ಎ. ಕೋರಿ ಎಂಬ ಒಂದೇ ಹೆಸರಿನಲ್ಲಿ ಡೇನಿಯಲ್ ಅಬ್ರಹಾಂ ಮತ್ತು ಟೈ ಫ್ರಾಂಕ್ ಸೇರಿ ಬರೆದ ಈ ಸರಣಿ 2011ರಲ್ಲಿ ಆರಂಭವಾಗಿ 2021ರಲ್ಲಿ ಮುಗಿಯಿತು. ನಾಯಕನಾಗುವವನು ಮೊದಲು ಕಾಣಿಸಿಕೊಳ್ಳುವುದು ಶನಿಯ ಕಡೆಯಿಂದ ಕ್ಷುದ್ರಗ್ರಹಗಳ ಪಟ್ಟಿಗೆ ಮಂಜುಗಡ್ಡೆ ಸಾಗಿಸುವ ಹಳೆಯ ನೌಕೆಯ ಸಿಬ್ಬಂದಿಯಾಗಿ. ನೀರು ತರುವ ಗಾಡಿಯವನು. ಭೂಮಿಗೂ ಮಂಗಳಕ್ಕೂ ನಡುವೆ ಸಂದೇಶ ಒಂದು ದಿಕ್ಕಿಗೆ ಹೋಗಲು ಮೂರರಿಂದ ಇಪ್ಪತ್ತೆರಡು ನಿಮಿಷ ಬೇಕು ಎನ್ನುವ ವಾಸ್ತವವನ್ನು ಇಲ್ಲಿನ ಪಾತ್ರಗಳು ಮರೆಯುವುದಿಲ್ಲ. ಜೋರಾಗಿ ವೇಗ ಹೆಚ್ಚಿಸಿದರೆ ದೇಹ ಜಜ್ಜಿಹೋಗುತ್ತದೆ, ಅದಕ್ಕೆ ಚುಚ್ಚುಮದ್ದು ಬೇಕು. ಅರ್ಧದಾರಿಯಲ್ಲಿ ನೌಕೆ ತಿರುಗಿ, ಉಳಿದ ಅರ್ಧ ವೇಗ ಇಳಿಸುವುದಕ್ಕೇ ಇಂಧನ ಸುಡಬೇಕು.

ಮೂರನೆಯದರ ಕೊನೆಯಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳತ್ತ ಬಾಗಿಲು ತೆರೆದದ್ದು ನಿಮಗೆ ಗೊತ್ತು. ಇನ್ನು ದೂರ ಅಗ್ಗವಾಯಿತು, ಕಥೆ ಕೆಟ್ಟಿತು ಎಂದು ಅಲ್ಲಿಗೇ ಬಿಟ್ಟವರು ಬಹಳ. ನಾಲ್ಕನೆಯ ಸಂಪುಟ ‘ಸಿಬೋಲಾ ಬರ್ನ್’ ನಿಧಾನ ಎಂಬ ದೂರೂ ಇದೆ. ನಿಮಗೆ ನಾನು ಹೇಳುವುದು, ಅದನ್ನು ಬಿಡಬೇಡಿ ಎಂದು. ನಿರಾಶ್ರಿತರ ಗುಂಪೊಂದು ಹೊಸ ಗ್ರಹಕ್ಕೆ ಮೊದಲು ಹೋಗಿ ಲಿಥಿಯಂ ಅದಿರು ಅಗೆಯುತ್ತಿದೆ. ಆಮೇಲೆ ಕಂಪನಿಯೊಂದು ಸರ್ಕಾರದ ಪರವಾನಗಿ ಹಿಡಿದು ಬಂದಿಳಿಯುತ್ತದೆ. ನೆಲ ಯಾರದು? ಅಗೆದವರದೋ, ಕಾಗದ ಇದ್ದವರದೋ? ತೀರ್ಪು ಕೊಡುವವರಿಗೆ ಸುದ್ದಿ ಮುಟ್ಟಲು ಕೆಲವು ಗಂಟೆ ಸಾಕು. ಆ ತೀರ್ಪನ್ನು ಜಾರಿ ಮಾಡಬಲ್ಲವರು ಬರಲು ತಿಂಗಳುಗಟ್ಟಲೆ ಬೇಕು, ಅಷ್ಟರೊಳಗೆ ಬಂದೂಕು ಇದ್ದವನದೇ ಕಾನೂನು. ಸಂಡೂರಿನ ಅದಿರು ಲಾರಿಗಳ ಸಾಲನ್ನು ಕಂಡವರಿಗೆ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದದ್ದನ್ನು ನೆನಪಿಟ್ಟವರಿಗೆ ಈ ಸಂಪುಟ ನಿಧಾನ ಎನಿಸಲಾರದು. ಅದು ಮುಗಿದ ಮೇಲೂ ಬೇಸರವಿದ್ದರೆ ಸರಣಿಯನ್ನು ಅಲ್ಲಿಗೆ ನಿಲ್ಲಿಸಿ ವಿಂಜ್ ಕೈಗೆತ್ತಿಕೊಳ್ಳಿ. ಇಲ್ಲವಾದರೆ ಐದನೆಯದನ್ನೂ ಆರನೆಯದನ್ನೂ ಒಟ್ಟಿಗೇ ತರಿಸಿಕೊಳ್ಳಿ, ಅವೆರಡರ ನಡುವೆ ಒಂದು ಸುಗ್ಗಿ ಅಡ್ಡ ಬಂದರೆ ಕಥೆಯ ಎಳೆ ತಪ್ಪುತ್ತದೆ.